ಗಣಕದ ಬರಹಕ್ಕೆ ಮರುಪ್ರತಿ

ರನ್ನನ ‘ಪರಶುರಾಮಚರಿತ’ವನ್ನಾಗಲಿ ‘ಚಕ್ರೇಶ್ವರಚರಿತ’ವನ್ನಾಗಲಿ ಓದುವ ಭಾಗ್ಯ ಇಂದಿನ ಕನ್ನಡಿಗರಿಗಿಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ದ ಗತಿಯೂ ಅದೇ. ಅವುಗಳ ಒಂದು ಪ್ರತಿಯೂ ನಮಗೆ ದೊರೆತಿಲ್ಲ. ವಚನಗಳಾದರೋ ಹಲವು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಕಟ್ಟುಗಳಾಗಿ ಹಂಚಿಹೋಗಿದ್ದವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಲು ಸಾಧ್ಯವಾದುದು ಅದರಿಂದ. ಗೆದ್ದಲು ತಿಂದ ಗರಿಯ ಸಾಲು ಮತ್ತೊಂದು ಮನೆಯ ಕಟ್ಟಿನಲ್ಲಿ ದೊರೆಯುವುದು ಗ್ರಂಥಸಂಪಾದಕರೆಲ್ಲ ಬಲ್ಲ ಸಂಗತಿ.

ಈಗ ನಮ್ಮ ಅಧ್ಯಾಪಕರ ಪಾಠಟಿಪ್ಪಣಿ, ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳು, ಪ್ರವಚನಗಳ ಧ್ವನಿಮುದ್ರಣ, ಮನೆಯ ಲೆಕ್ಕಪತ್ರ ಎಲ್ಲವೂ ಗಣಕಯಂತ್ರವನ್ನು ಸೇರಿವೆ. ಬಹುಪಾಲು ಮನೆಗಳಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಪ್ರತಿ.

ಈ ಲೇಖಕನ ಮನೆ ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಲ್ಲಿದೆ. ಮುಂಗಾರಿಗೆ ಮುನ್ನ ಸಂಜೆಯ ಸಿಡಿಲು ಇಲ್ಲಿ ವಾಡಿಕೆಯ ಅತಿಥಿ. ಘಟ್ಟದ ಮೇಲಿನ ಕನ್ನಡಕ್ಕೂ ಕೆಳಗಿನ ಕನ್ನಡಕ್ಕೂ ಇರುವ ಪದಭೇದಗಳನ್ನು ಒಂಬತ್ತು ವರ್ಷ ಕೂಡಿಹಾಕಿ ಗಣಕದಲ್ಲಿ ಇರಿಸಿದ್ದೆ. ಜಾಗರೂಕನೆಂಬ ಹಮ್ಮಿನಿಂದ ‘ಡಿ’ ವಿಭಾಗದಲ್ಲಿ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡಿದ್ದೆ. ಒಂದು ಸಂಜೆಯ ಸಿಡಿಲಿಗೆ ಎರಡೂ ಹೋದವು. ‘ಸಿ’ ಮತ್ತು ‘ಡಿ’ ಎಂಬುವು ಒಂದೇ ಹಾರ್ಡ್‌ಡಿಸ್ಕಿನ ಎರಡು ಅರೆಗಳೆಂಬುದು ಆಮೇಲೆ ತಿಳಿಯಿತು. ಚೀಟಿಗಳಲ್ಲಿ ಬರೆದುಕೊಂಡಿದ್ದ ಅರ್ಧದಷ್ಟು ಪದಗಳು ಮಾತ್ರ ಉಳಿದವು. ಉಳಿದರ್ಧವನ್ನು ಹೇಳಿಕೊಟ್ಟ ಹಿರಿಯರಲ್ಲಿ ಕೆಲವರು ಈಗ ಇಲ್ಲ.

ಅನಂತರವೇ ನಾನು ಪ್ರತಿಮಾಡುವ ತಂತ್ರಾಂಶಗಳ ವಿಚಾರಕ್ಕೆ ತೊಡಗಿದುದು. ಹಣ ತೆರದೆ ದೊರೆಯುವುವೇ ಹಲವಿವೆ. ಆಯ್ಕೆಯಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಯೊಂದು: ಆ ತಂತ್ರಾಂಶವೇ ಇಲ್ಲದ ಬೇರೊಂದು ಗಣಕದಲ್ಲಿ ನನ್ನ ಪ್ರತಿಯನ್ನು ತೆರೆಯಬಹುದೇ? ‘ಡುಪ್ಲಿಕಾಟಿ’ ಎಂಬುದು ಉಚಿತವೂ ಸಮರ್ಥವೂ ಹೌದು. ಆದರೆ ಅದು ಕಡತಗಳನ್ನು ಕುಗ್ಗಿಸಿ ತನ್ನದೇ ಕಟ್ಟುಗಳಾಗಿ ಇಡುತ್ತದೆ; ಅವನ್ನು ಬಿಡಿಸಲು ಮತ್ತೆ ಅದೇ ಬೇಕು. ‘ಫ್ರೀಫೈಲ್‌ಸಿಂಕ್’ ಹಾಗಲ್ಲ. ಕಡತ ಹೇಗಿದೆಯೋ ಹಾಗೆಯೇ ಪ್ರತಿಯಾಗುತ್ತದೆ. ಎಡಗಡೆ ಮೂಲ ಕೋಶ, ಬಲಗಡೆ ಹೊರಗಿನ ಡಿಸ್ಕು. ಮೊದಲು ಎರಡನ್ನೂ ಹೋಲಿಸಿ ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸುತ್ತದೆ. ನಾವು ಒಪ್ಪಿದ ಬಳಿಕವೇ ನಕಲು ಆರಂಭ. ಪಾಠಾಂತರ ನೋಡಿ ಅಭ್ಯಾಸವಾದ ನನಗೆ ಈ ಕ್ರಮ ಹಿಡಿಸಿತು. ಇಷ್ಟೂ ಬೇಡವೆನ್ನುವವರಿಗೆ ವಿಂಡೋಸ್‌ನಲ್ಲಿಯೇ 2012ರಿಂದ ‘ಫೈಲ್ ಹಿಸ್ಟರಿ’ ಎಂಬ ಸೌಕರ್ಯವಿದೆ.

ಉಚಿತವೆಂಬುದು ಶಾಶ್ವತವೆಂದು ಭಾವಿಸಬಾರದು. ‘ಮ್ಯಾಕ್ರಿಯಂ ರಿಫ್ಲೆಕ್ಟ್’ ತಂತ್ರಾಂಶದ ಉಚಿತ ಆವೃತ್ತಿಗೆ 2024ರ ಆರಂಭದಿಂದ ಭದ್ರತೆಯ ತಿದ್ದುಪಡಿಗಳೂ ನಿಂತವು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಈ ತಂತ್ರಾಂಶಗಳಲ್ಲಿ ‘ಮಿರರ್’ ಎಂಬ ವಿಧಾನವಿರುತ್ತದೆ. ಹೆಸರೇ ಹೇಳುವಂತೆ ಅದು ಕನ್ನಡಿ: ಮೂಲದಲ್ಲಿ ಅಕಸ್ಮಾತ್ತಾಗಿ ಅಳಿಸಿದ್ದು ಮುಂದಿನ ಬಾರಿ ಪ್ರತಿಯಲ್ಲಿಯೂ ಅಳಿಯುತ್ತದೆ. ಮೊದಲಿಗರು ‘ಅಪ್‌ಡೇಟ್’ ವಿಧಾನವನ್ನು ಆರಿಸಿಕೊಳ್ಳುವುದು ಕ್ಷೇಮ. ಅದು ಹೊಸದನ್ನು, ಬದಲಾದುದನ್ನು ಮಾತ್ರ ಒಯ್ಯುತ್ತದೆ. ಆದರೂ ಕೆಟ್ಟ ಕಡತ ಒಳ್ಳೆಯದರ ಮೇಲೆ ಕುಳಿತುಬಿಡಬಹುದು. ಆದುದರಿಂದ ಹಳೆಯ ರೂಪಗಳನ್ನು ಬೇರೆ ಕೋಶದಲ್ಲಿ ಉಳಿಸುವ ‘ವರ್ಷನಿಂಗ್’ ಅನ್ನೂ ಚಾಲನೆಯಲ್ಲಿಡಬೇಕು.

ಕೆಲಸ ಮುಗಿದೊಡನೆ ಡಿಸ್ಕನ್ನು ಬಿಚ್ಚಿಡತಕ್ಕದ್ದು. ಸಿಡಿಲಿಗೆ ಮಾತ್ರವಲ್ಲ, 2017ರ ಮೇ ತಿಂಗಳಲ್ಲಿ ಲೋಕವನ್ನೇ ಕಾಡಿದ ‘ವಾನಾಕ್ರೈ’ಯಂಥ ಪೀಡೆಗೂ ಜೋಡಿಸಿಟ್ಟ ಡಿಸ್ಕು ಗಣಕದೊಡನೆಯೇ ತುತ್ತಾಗುತ್ತದೆ. ನನ್ನ ಬಳಿ ಈಗ ಎರಡು ಡಿಸ್ಕುಗಳಿವೆ. ಒಂದನ್ನು ಬೂಷ್ಟು ಹಿಡಿಯದಂತೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇರಿಸಿದ್ದೇನೆ. ಇನ್ನೊಂದು ಘಟ್ಟದ ಮೇಲೆ, ಮಗಳ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ಅದಲುಬದಲು.

ಪ್ರತಿ ಇದೆಯೆಂದು ನಂಬಿ ಕುಳಿತರೆ ಸಾಲದು, ತೆರೆದು ನೋಡಬೇಕು. ಮಗಳ ಮನೆಯ ಗಣಕದಲ್ಲಿ ಮೊದಲ ಬಾರಿ ತೆರೆದಾಗ ನನಗೆ ಕಂಡುದು ಕನ್ನಡವಲ್ಲ. ರೋಮನ್ ಅಕ್ಷರಗಳ ಹಾಗೂ ಚಿಹ್ನೆಗಳ ಗೋಜಲು. ಕಡತ ಕೆಟ್ಟಿರಲಿಲ್ಲ. ಹಳೆಯ ‘ನುಡಿ’ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದ ಬರಹಕ್ಕೆ ಆ ಗಣಕದಲ್ಲಿ ಆ ಅಕ್ಷರಗಳೇ ಇರಲಿಲ್ಲ. ನಮ್ಮಲ್ಲಿ ಅನೇಕರ ಹಳೆಯ ಕಡತಗಳು ಇಂಥವೇ. ಅಕ್ಷರವಿನ್ಯಾಸದ ಕಡತವನ್ನೂ ಡಿಸ್ಕಿನಲ್ಲಿ ಸೇರಿಸಿಡಬೇಕು. ಬಿಡುವಿದ್ದಾಗ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳೂ ಉಚಿತ. ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪುವುದರಿಂದ ಕರಡು ತಿದ್ದುವ ಕಣ್ಣೊಂದು ಬೇಕು. ನನ್ನ ಪದಸಂಗ್ರಹದ ‘ತ’ಕಾರದವರೆಗೆ ಆ ಕೆಲಸ ಮುಗಿದಿದೆ.