ಉಪ್ಪಾಗುತ್ತಿರುವ ಅಂತರ್ಜಲ: ಮೂಲಧನವನ್ನು ಕರಗಿಸದಿರೋಣ

ಕಡಲತೀರಕ್ಕೆ ಸಮೀಪದ ಗೇರುಬೀಜ ಸಂಸ್ಕರಣಾ ಘಟಕವೊಂದರ ಲೆಕ್ಕಪತ್ರಗಳನ್ನು ಪರಿಶೋಧಿಸುವಾಗ, ಬಾಯ್ಲರ್ ದುರಸ್ತಿಯ ವೆಚ್ಚವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದು ನನ್ನ ಗಮನಕ್ಕೆ ಬಂತು. ಮಾಲೀಕರು ಯಂತ್ರವನ್ನು ದೂರಿದರು. ನೀರನ್ನು ಪರೀಕ್ಷಿಸಿದಾಗ ದೋಷವಿದ್ದುದು ಕೊಳವೆಬಾವಿಯಲ್ಲಿ ಎಂದು ತಿಳಿಯಿತು. ಅದರಲ್ಲಿ ಕಡಲಿನ ಉಪ್ಪುನೀರು ಬೆರೆತಿತ್ತು.

ನೆಲದಡಿಯ ಜಮಾ-ಖರ್ಚು

ಕರಾವಳಿಯ ನೆಲದಡಿಯಲ್ಲಿ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಗೈಬೆನ್-ಹರ್ಜ್‌ಬರ್ಗ್ ಸೂತ್ರದ ಪ್ರಕಾರ, ಅಂತರ್ಜಲವು ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರಿರುತ್ತದೆ. ಅತಿಯಾಗಿ ನೀರೆತ್ತಿ ಅದನ್ನು ಅರ್ಧ ಮೀಟರ್ ಇಳಿಸಿದರೆ, ಉಪ್ಪುನೀರು ಕಾಲಕ್ರಮೇಣ ಸುಮಾರು 20 ಮೀಟರ್ ಮೇಲೇರಬಲ್ಲದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಳೆಯಿಂದ ಮರುಪೂರಣವಾಗುವ ನೀರು ಆದಾಯ. ಸಮುದ್ರಮಟ್ಟದ ಮೇಲಿನ ಆ ಎತ್ತರವೇ ಮೂಲಧನ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ 250 ಮಿಲಿಗ್ರಾಂ ಮಾತ್ರ. ಶೇಕಡಾ 2ರಷ್ಟು ಬೆರೆತರೂ ಈ ಮಿತಿ ಮೀರುತ್ತದೆ.

ಚೆನ್ನೈ ಕಲಿಸಿದ ಪಾಠ

ಚೆನ್ನೈಯ ಉತ್ತರಕ್ಕಿರುವ ಮಿಂಜೂರು ಪ್ರದೇಶದಲ್ಲಿ ಕೃಷಿ, ನಗರ ಹಾಗೂ ಕೈಗಾರಿಕೆಗಳು ಒಂದೇ ಅಂತರ್ಜಲವನ್ನು ಅವಲಂಬಿಸಿದವು. 1969ರಲ್ಲಿ ತೀರದಿಂದ ಸುಮಾರು 3 ಕಿ.ಮೀ. ಒಳಗಿದ್ದ ಉಪ್ಪುನೀರಿನ ಗಡಿ 1983ರ ವೇಳೆಗೆ ಸುಮಾರು 9 ಕಿ.ಮೀ. ತಲುಪಿತು. ನೀರೆತ್ತುವುದನ್ನು ನಿಯಂತ್ರಿಸುವ ಕಾಯಿದೆ ಬಂದುದು 1987ರಲ್ಲಿ. ಮಳೆನೀರು ಸಂಗ್ರಹ ಕಡ್ಡಾಯವಾದುದು 2003ರಲ್ಲಿ. 2010ರಲ್ಲಿ ಮಿಂಜೂರಿನ ಬಳಿಯ ಕಡಲತೀರದಲ್ಲೇ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ ನಿರ್ಲವಣೀಕರಣ ಘಟಕ ಆರಂಭವಾಯಿತು.

ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯು 1976ರಿಂದ ಶುದ್ಧೀಕರಿಸಿದ ತ್ಯಾಜ್ಯನೀರನ್ನು ಬಾವಿಗಳ ಮೂಲಕ ನೆಲಕ್ಕಿಳಿಸಿ, ಕಡಲಿಗೆದುರಾಗಿ ಸಿಹಿನೀರಿನ ಗೋಡೆಯನ್ನೇ ನಿರ್ಮಿಸಿತು. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟುಗಳ ತತ್ತ್ವವೂ ಇದಕ್ಕೆ ಸಮೀಪವಾದುದೇ: ಅವು ಭರತದ ಉಪ್ಪುನೀರನ್ನು ತಡೆದು, ಸಿಹಿನೀರು ನಿಂತು ಇಂಗುವಂತೆ ಮಾಡುತ್ತವೆ.

ಸದಸ್ಯರು ಮಾಡಬಹುದಾದುದು

1. ಬಾವಿಯ ನೀರಿನ ಮಟ್ಟ ಮತ್ತು ಕ್ಲೋರೈಡ್ ಪ್ರಮಾಣವನ್ನು ಪ್ರತಿ ತಿಂಗಳು ದಾಖಲಿಸಿರಿ. ಮಾರ್ಚ್‌ನಿಂದ ಮೇ ತನಕ ವಿಶೇಷ ಎಚ್ಚರವಿರಲಿ.

2. ನೀರು ಕಡಿಮೆಯಾಯಿತೆಂದು ಬಾವಿಯನ್ನು ಇನ್ನಷ್ಟು ಆಳಗೊಳಿಸಬೇಡಿರಿ; ಅದು ಉಪ್ಪಿನತ್ತ ಇಳಿದಂತೆ. ಪಂಪಿಗೆ ನಡುನಡುವೆ ವಿಶ್ರಾಂತಿ ಕೊಡಿರಿ.

3. 3,500 ಮಿ.ಮೀ. ಮಳೆಯಾಗುವಲ್ಲಿ 500 ಚದರ ಮೀಟರ್ ಚಾವಣಿಯಿಂದ, ಐದನೆಯ ಒಂದಂಶ ಪೋಲಾದರೂ, ವರ್ಷಕ್ಕೆ 14 ಲಕ್ಷ ಲೀಟರ್ ನೀರು ದೊರೆಯುತ್ತದೆ. ಮಳೆಗಾಲದಲ್ಲಿ ಅದನ್ನೇ ಬಳಸಿರಿ. ಉಳಿದುದನ್ನು ಸೋಸಿ ಇಂಗಿಸಿರಿ.

4. ಯಂತ್ರ ತಂಪುಗೊಳಿಸಿದ ನೀರನ್ನು ಮರುಬಳಸಿರಿ.

ಒಬ್ಬರು ಮಿತವ್ಯಯ ಮಾಡಿ, ನೆರೆಯವರು ಹಗಲಿರುಳು ನೀರೆತ್ತಿದರೆ ಪ್ರಯೋಜನವಿಲ್ಲ. ಬಾವಿಗಳು ಬೇರೆಯಾದರೂ ಖಾತೆ ಒಂದೇ. ಆದುದರಿಂದ ಪ್ರತಿ ಕೈಗಾರಿಕಾ ಪ್ರದೇಶದ ಸದಸ್ಯರು ತಮ್ಮ ಬಾವಿಗಳ ಲೆಕ್ಕವನ್ನು ಪರಸ್ಪರ ಹಂಚಿಕೊಳ್ಳುವುದು ಅಗತ್ಯ. ಒಮ್ಮೆ ಒಳಬಂದ ಉಪ್ಪು ಪಂಪು ನಿಲ್ಲಿಸಿದೊಡನೆ ಹಿಂದಿರುಗದು. ಅದಕ್ಕೆ ಹಲವಾರು ವರ್ಷಗಳೇ ಬೇಕಾಗಬಹುದು. ಮೂಲಧನವನ್ನು ಕರಗಿಸಿ ಲಾಭಾಂಶ ಹಂಚುವ ಸಂಸ್ಥೆಯು ಬಹುಕಾಲ ಬಾಳದೆಂಬುದನ್ನು ವ್ಯಾಪಾರಿ ಬಂಧುಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.