ಕೈತೋಟದ ಹಸಿರುಮನೆ: ಗಾಳಿಯ ಲೆಕ್ಕ

ಹಿತ್ತಿಲಿನಲ್ಲಿ ಪುಟ್ಟ ಹಸಿರುಮನೆಯೊಂದನ್ನು ಕಟ್ಟಿಸಬೇಕೆನ್ನುವವರು ಮೊದಲು ಯೋಚಿಸುವುದು ಒಳಗೆ ಏನು ಬೆಳೆಯಬೇಕೆಂಬುದನ್ನು: ದೊಣ್ಣೆ ಮೆಣಸಿನಕಾಯಿಯೋ, ಆಂಥೂರಿಯಂ ಹೂವೋ, ಇಲ್ಲವೆ ಬರೀ ಸಸಿಮಡಿಯೋ ಎಂದು. ಕಟ್ಟಿದ್ದನ್ನು ನೆಲಕ್ಕೆ ಹಿಡಿದಿಡುವುದು ಹೇಗೆ ಎಂಬ ಪ್ರಶ್ನೆ ಏಳುವುದು ಏಪ್ರಿಲ್ ಅಥವಾ ಮೇ ತಿಂಗಳ ಒಂದು ಸಂಜೆ, ಗುಡುಗು ಮಳೆಗೆ ಮುಂಚೆ ಬಿರುಗಾಳಿ ಎದ್ದಾಗ. ಆಗ ತಡವಾಗಿರುತ್ತದೆ. ಹಾರಿಹೋದ ಚೌಕಟ್ಟು ಪಕ್ಕದ ಮನೆಯ ಕಿಟಕಿಗೋ ವಿದ್ಯುತ್ ತಂತಿಗೋ ಬಡಿದರೆ ನಷ್ಟ ಬರೀ ಗಿಡಗಳದ್ದಾಗಿ ಉಳಿಯುವುದಿಲ್ಲ.

ಉದಾಹರಣೆಗೆ 3 ಮೀಟರ್ ಅಗಲ, 5 ಮೀಟರ್ ಉದ್ದದ ಒಂದು ಹಸಿರುಮನೆಯನ್ನು ತೆಗೆದುಕೊಳ್ಳೋಣ. ಜಿ.ಐ. ಪೈಪಿನ ಚೌಕಟ್ಟು, ಮೇಲೆ 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಹಾಳೆ ಒಟ್ಟು 55 ಚದರ ಮೀಟರ್ ಬೇಕೆಂದುಕೊಂಡರೂ ಅದರ ತೂಕ 10 ಕಿ.ಗ್ರಾಂ. ಚೌಕಟ್ಟಿಗೆ 200 ಕಿ.ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಕೋಣೆಯಷ್ಟು ದೊಡ್ಡದಾದ ಈ ವಸ್ತುವಿನ ತೂಕ ಮೂರು ಜನರ ತೂಕಕ್ಕಿಂತ ತುಸು ಹೆಚ್ಚು, ಅಷ್ಟೆ.

ಈಗ ಗಾಳಿಯ ಬಲ. ಬೀಸುವ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ವರ್ಗ ಮಾಡಿ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂಬುದು ಸಿಗುತ್ತದೆ. ಕಟ್ಟಡಗಳ ವಿನ್ಯಾಸಕ್ಕೆ ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಬೆಂಗಳೂರು, ಮೈಸೂರುಗಳಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಇದು ತೆರೆದ ಬಯಲಿನಲ್ಲಿ ಹತ್ತು ಮೀಟರ್ ಎತ್ತರದಲ್ಲಿ ಬೀಸುವ ಗಾಳಿ. ಮನೆ, ಮರಗಳ ಮರೆಯಲ್ಲಿರುವ ಹಿತ್ತಿಲಿಗೆ 25 ಮೀಟರ್ ಎಂದಿಟ್ಟುಕೊಂಡರೆ ಒತ್ತಡ ಚದರ ಮೀಟರಿಗೆ 375 ನ್ಯೂಟನ್ ಆಗುತ್ತದೆ.

ಗಾಳಿ ಹಸಿರುಮನೆಯನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಮೇಲಕ್ಕೂ ಎತ್ತುತ್ತದೆ ಎಂಬುದನ್ನು ಮರೆಯುತ್ತೇವೆ. ಚಾವಣಿಯ ಮೇಲೆ ಹಾಯುವಾಗ ಗಾಳಿಯ ವೇಗ ಹೆಚ್ಚಿ ಅಲ್ಲಿ ಒತ್ತಡ ಇಳಿಯುತ್ತದೆ. ಈ ಹೀರುವಿಕೆಯನ್ನು ಮೇಲಿನ ಒತ್ತಡದ 0.7 ಪಾಲು ಎಂದುಕೊಂಡರೆ, 15 ಚದರ ಮೀಟರ್ ಚಾವಣಿಯನ್ನು ಮೇಲೆತ್ತುವ ಬಲ ಸುಮಾರು 3,900 ನ್ಯೂಟನ್, ಅಂದರೆ 400 ಕಿ.ಗ್ರಾಂ ತೂಕದಷ್ಟು. ಇದು ಬಾಗಿಲು ಮುಚ್ಚಿದ್ದಾಗಿನ ಮಾತು. ಗಾಳಿ ಬರುವ ಕಡೆಯ ಬಾಗಿಲು ತೆರೆದಿದ್ದರೆ ಒಳಗೂ ಗಾಳಿ ತುಂಬಿ ಚಾವಣಿಯನ್ನು ಕೆಳಗಿನಿಂದ ಒತ್ತುತ್ತದೆ. ಅದರ ಪಾಲು 0.6 ಎಂದರೆ ಒಟ್ಟು ಬಲ 7,300 ನ್ಯೂಟನ್, ಸುಮಾರು 745 ಕಿ.ಗ್ರಾಂ ತೂಕಕ್ಕೆ ಸಮ. ಒಂದು ಬಾಗಿಲಿನ ಚಿಲಕ ಹಾಕದೆ ಬಿಟ್ಟದ್ದರಿಂದ ಬಲ ಸುಮಾರು ಎರಡು ಪಟ್ಟಾಯಿತು!

ಇದನ್ನು ತಡೆಯಲು ಎಂಟು ಕಂಬಗಳಿವೆ ಎನ್ನೋಣ. ಪ್ರತಿ ಕಂಬದ ಪಾಲಿಗೆ 93 ಕಿ.ಗ್ರಾಂ. ಕಂಬದ ಬುಡಕ್ಕೆ ಒಂದಡಿ ಉದ್ದ, ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ ಕಾಂಕ್ರೀಟ್ ತುಂಬಿದರೆ ಅದರ ತೂಕವೇ ಸುಮಾರು 130 ಕಿ.ಗ್ರಾಂ. ಸಾಕಾಗುತ್ತದೆ. ಆದರೆ ಮೂಲೆಗಳಲ್ಲಿ ಹೀರುವಿಕೆ ಹೆಚ್ಚು, ಅಡ್ಡ ತಳ್ಳುವ ಬಲದಿಂದ ಗಾಳಿಗೆ ಎದುರಾದ ಸಾಲಿನ ಕಂಬಗಳ ಮೇಲೂ ಹೊರೆ ಹೆಚ್ಚು. ಆದ್ದರಿಂದ ಮೂಲೆಯ ನಾಲ್ಕು ಗುಂಡಿಗಳನ್ನು ಇನ್ನೂ ಅರ್ಧ ಅಡಿ ಆಳ ಮಾಡುವುದು ಲೇಸು. ಪೈಪಿನ ತಳಕ್ಕೆ ಅಡ್ಡಲಾಗಿ ಕಬ್ಬಿಣದ ಸರಳಿನ ತುಂಡೊಂದನ್ನು ಬೆಸೆಯಲು ಮರೆಯಬಾರದು. ಇಲ್ಲದಿದ್ದರೆ ಕಾಂಕ್ರೀಟ್ ನೆಲದಲ್ಲೇ ಉಳಿದು ನುಣುಪಾದ ಪೈಪು ಮಾತ್ರ ಕಿತ್ತುಬರಬಹುದು. ತೋಟದ ಸಡಿಲ ಮಣ್ಣಿಗೆ ಬರಿಯ ಗೂಟ ಹೊಡೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಮಳೆಗೆ ನೆನೆದ ಮಣ್ಣು ಹಿಡಿತ ಬಿಡುವುದು ಗಾಳಿ ಬೀಸುವ ಹೊತ್ತಿಗೇ. ಕಂಬಗಳ ನಡುವೆ ಕರ್ಣದ ದಿಕ್ಕಿನಲ್ಲಿ ಪೈಪು ಕೊಟ್ಟರೆ ಚೌಕಟ್ಟು ವಾಲುವುದಿಲ್ಲ. ಆಯತ ವಾಲಬಲ್ಲದು, ತ್ರಿಕೋನ ವಾಲಲಾರದು.

ತಾರಸಿಯ ಮೇಲೆ ಕಟ್ಟುವವರ ಪಾಡು ಬೇರೆ. ಅಲ್ಲಿ ಗಾಳಿ ಹೆಚ್ಚು, ಗುಂಡಿ ತೋಡುವಂತಿಲ್ಲ, ತೂತು ಕೊರೆದರೆ ಸೋರುತ್ತದೆ. 200 ಲೀಟರ್ ನೀರಿನ ಡ್ರಮ್ಮುಗಳಿಗೆ ಕಂಬಗಳನ್ನು ಬಿಗಿಯುವುದು ಒಂದು ಉಪಾಯ. ಆದರೆ ವಾಸದ ಮನೆಯ ತಾರಸಿಗೆ ಲೆಕ್ಕ ಹಾಕುವ ಹೊರೆ ಚದರ ಮೀಟರಿಗೆ 150 ಕಿ.ಗ್ರಾಂ ಮಾತ್ರ. ಡ್ರಮ್ಮುಗಳು ಗೋಡೆ ಅಥವಾ ತೊಲೆಯ ನೇರಕ್ಕೆ ಮೇಲಿರಬೇಕು.

ಗಾಳಿಗೆ ಹೆದರಿ ಎಲ್ಲವನ್ನೂ ಮುಚ್ಚಿಬಿಡಬಹುದಲ್ಲ ಎಂದರೆ, ಅದಾಗದು. ಹಸಿರುಮನೆ ಬಿಸಿಯಾಗುವ ಬಗೆಯೇ ಅದಕ್ಕೆ ಅಡ್ಡಿ. ಗಾಜು ಬೆಳಕನ್ನು ಒಳಬಿಟ್ಟು ಅವಕೆಂಪು ಕಿರಣಗಳನ್ನು ಹೊರಬಿಡದೆ ತಡೆಯುವುದರಿಂದಲೇ ಒಳಗೆ ಬಿಸಿ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು ಇದನ್ನು ಪರೀಕ್ಷಿಸಿದ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಮುಚ್ಚಳ. ಬಿಸಿಲನ್ನು ಮೊದಲು ಗಾಜಿನ ಮೂಲಕ ಹಾಯಿಸಿದಾಗ ಎರಡರ ಗರಿಷ್ಠ ತಾಪಗಳ ನಡುವೆ ಒಂದು ಡಿಗ್ರಿಯಷ್ಟೂ ಅಂತರ ಕಾಣಲಿಲ್ಲ. ಹಸಿರುಮನೆಯಲ್ಲಿ ಮುಖ್ಯವಾದದ್ದು ಬಿಸಿಯಾದ ಗಾಳಿ ಮೇಲೇರಿ ಹೊರಹೋಗದಂತೆ ಹಿಡಿದಿಡುವುದು, ಅಂದರೆ ಸಂವಹನದ ತಡೆ. ಸಾದಾ ಪಾಲಿಥೀನ್ ಕೂಡ ಅವಕೆಂಪನ್ನು ಬಹುಪಾಲು ಬಿಡುತ್ತದೆ, ಆದರೂ ಅದರೊಳಗೆ ಸೆಕೆ. (ವಾತಾವರಣದ 'ಹಸಿರುಮನೆ ಪರಿಣಾಮ' ನಿಜವಾದದ್ದೇ. ಅದು ಅವಕೆಂಪು ಹೀರುವಿಕೆಯಿಂದ ಆಗುವಂಥದು. ಹೆಸರು ಮಾತ್ರ ಹೊಂದದ್ದು.)

ಗಾಳಿ ನಿಂತರೆ ಬಿಸಿ, ಹರಿದರೆ ತಂಪು. ಚಳಿದೇಶದವರು ಬಿಸಿಯನ್ನು ಉಳಿಸಲು ಹೆಣಗುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಕಳೆಯಲು ಹೆಣಗಬೇಕು. ನಮ್ಮ ಉದಾಹರಣೆಯ 15 ಚದರ ಮೀಟರ್ ಮೇಲೆ ನಡುಹಗಲು ಒಳಬರುವ ಬಿಸಿಲು ಸುಮಾರು 10 ಕಿಲೋವಾಟ್. ಅದರಲ್ಲಿ ಅರ್ಧ ಗಾಳಿಯನ್ನು ಬಿಸಿ ಮಾಡುತ್ತದೆ ಎನ್ನೋಣ. ಒಳಗಿನ ತಾಪ ಹೊರಗಿನದಕ್ಕಿಂತ 5 ಡಿಗ್ರಿಗಿಂತ ಹೆಚ್ಚಾಗಬಾರದೆಂದರೆ ಸೆಕೆಂಡಿಗೆ 0.8 ಘನಮೀಟರ್ ಗಾಳಿ ಹರಿಯಬೇಕು. ಎಂದರೆ ಒಳಗಿನ ಅಷ್ಟೂ ಗಾಳಿ ನಿಮಿಷಕ್ಕೊಮ್ಮೆಯಾದರೂ ಬದಲಾಗಬೇಕು. ಫ್ಯಾನಿಲ್ಲದೆ, ಬಿಸಿಗಾಳಿ ತಾನಾಗಿ ಏರುವುದನ್ನೇ ನೆಚ್ಚಿದರೆ, ನೆತ್ತಿಯಲ್ಲಿ ಎರಡೂವರೆ ಚದರ ಮೀಟರ್, ಕೆಳಗೆ ಅಷ್ಟೇ ಕಿಂಡಿ ಬೇಕು. ನೆಲದ ವಿಸ್ತೀರ್ಣದ ಆರನೆಯ ಒಂದು ಪಾಲು! ಕಿಂಡಿಗೆ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ ಹಾಕಿದರೆ ಹರಿವು ಗಣನೀಯವಾಗಿ ತಗ್ಗುವುದರಿಂದ ಕಿಂಡಿ ಇನ್ನೂ ದೊಡ್ಡದಾಗಬೇಕು.

ದಿನನಿತ್ಯಕ್ಕೆ ದೊಡ್ಡ ಕಿಂಡಿ ಬೇಕು, ಬಿರುಗಾಳಿಗೆ ಅದೇ ಕಂಟಕ. ಈ ಇಕ್ಕಟ್ಟನ್ನು ದಿಕ್ಕು ಸ್ವಲ್ಪ ಮಟ್ಟಿಗೆ ಬಿಡಿಸುತ್ತದೆ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಬಹುಪಾಲು ಪಶ್ಚಿಮ, ನೈಋತ್ಯದಿಂದ. ಬಾಗಿಲೂ ನೆತ್ತಿಯ ಕಿಂಡಿಯೂ ಪೂರ್ವಕ್ಕಿದ್ದರೆ ಮೇಲೆ ಹಾಯುವ ಗಾಳಿಯೇ ಒಳಗಿನ ಸೆಕೆಯನ್ನು ಸೆಳೆದೊಯ್ಯುತ್ತದೆ. ಒಳಗಿನ ಒತ್ತಡವೂ ಇಳಿದು ಚಾವಣಿಯ ಮೇಲಿನ ಎತ್ತುಬಲ ತಗ್ಗುತ್ತದೆ. ಆದರೆ ಬೇಸಿಗೆಯ ಬಿರುಗಾಳಿ ಯಾವ ದಿಕ್ಕಿನಿಂದಲೂ ಬಂದೀತು. ಆದ್ದರಿಂದ ಪ್ರತಿಯೊಂದು ಕಿಂಡಿಗೂ ಸುತ್ತುವ ಪರದೆ, ಅದನ್ನು ಕೆಳಗೆ ಬಿಗಿದಿಡುವ ವ್ಯವಸ್ಥೆ ಬೇಕು. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ.

ಹಾಳೆಯನ್ನು ಮೊಳೆ ಹೊಡೆದು ಕೂರಿಸಬಾರದು. ಹರಕು ಶುರುವಾಗುವುದೇ ಮೊಳೆಯ ತೂತಿನಿಂದ. ಅಲ್ಯೂಮಿನಿಯಂ ಪಟ್ಟಿಯ ಕಾಲುವೆಯೊಳಗೆ ಅಂಕುಡೊಂಕು ಸ್ಪ್ರಿಂಗ್ ತಂತಿ ಒತ್ತಿ ಹಿಡಿಸುವುದು ಸರಿಯಾದ ಕ್ರಮ. ಹಾಳೆ ಪಟಪಟನೆ ಬಡಿಯದಷ್ಟು ಬಿಗಿಯಾಗಿರಲಿ. ಬಿಸಿಲಿಗೆ ಕಾದ ಪೈಪಿಗೆ ತಾಗಿದಲ್ಲಿ ಪಾಲಿಥೀನ್ ಬೇಗ ಹಾಳಾಗುವುದರಿಂದ ಪೈಪಿನ ಮೇಲ್ಮೈಗೆ ಬಿಳಿ ಬಣ್ಣ ಬಳಿಯುವುದು ಒಳ್ಳೆಯದು. ಕೊಳ್ಳುವಾಗ ಅತಿನೇರಳೆ ಕಿರಣಗಳನ್ನು ತಾಳುವ ಹಾಳೆಯನ್ನೇ ಕೇಳಿ ಪಡೆಯಬೇಕು.

ನೆರಳಿನ ಬಲೆಯನ್ನು ಹಾಳೆಯ ಹೊರಗೆ, ಕೊಂಚ ಅಂತರ ಬಿಟ್ಟು ಕಟ್ಟಬೇಕು. ಒಳಗೆ ಕಟ್ಟಿದರೆ ಬಲೆ ಹೀರಿದ ಬಿಸಿಯೆಲ್ಲ ಒಳಗೇ ಉಳಿಯುತ್ತದೆ. ಮಂಜಿನಂತೆ ನೀರೆರಚುವ ಫಾಗರ್ ವಿಜಯಪುರದ ಒಣ ಹವೆಯಲ್ಲಿ ಬಲು ಉಪಯುಕ್ತ: ಗಂಟೆಗೆ ಹತ್ತು ಲೀಟರ್ ನೀರು ಆವಿಯಾದರೆ ಸುಮಾರು 6.8 ಕಿಲೋವಾಟ್ ಶಾಖ ಕಳೆದಂತೆ. ಮಂಗಳೂರಿನ ತೇವದ ಹವೆಯಲ್ಲಿ ನೀರು ಆವಿಯಾಗದೆ ಎಲೆಗಳ ಮೇಲೆ ಕುಳಿತು ಬೂಷ್ಟು ತರುತ್ತದೆ, ಅಷ್ಟೆ. ಪಂಪು, ದೀಪಗಳಿಗೆ ವಿದ್ಯುತ್ ಎಳೆಯುವುದಾದರೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಸುರಕ್ಷಾ ಸ್ವಿಚ್ಚು ಕಡ್ಡಾಯವಾಗಿ ಇರಬೇಕು. ಒದ್ದೆ ನೆಲ, ಲೋಹದ ಚೌಕಟ್ಟು, ಬರಿಗಾಲು ಮೂರೂ ಒಂದೆಡೆ ಸೇರುವ ಜಾಗವಿದು. ಚೌಕಟ್ಟಿಗೆ ಅರ್ತಿಂಗ್ ಕೂಡ ಬೇಕು. ಇನ್ನು ಗರಿಷ್ಠ-ಕನಿಷ್ಠ ಉಷ್ಣತಾಮಾಪಕವನ್ನು ಗಿಡಗಳ ಎತ್ತರಕ್ಕೆ, ಬಿಸಿಲು ನೇರ ಬೀಳದಂತೆ ಮೇಲೊಂದು ಬಿಳಿಯ ತಗಡಿನ ಮರೆ ಮಾಡಿ, ಸುತ್ತ ಗಾಳಿಯಾಡುವಂತೆ ತೂಗುಹಾಕಬೇಕು. ಬಿಸಿಲಿಗೊಡ್ಡಿದ ಮಾಪಕ ತೋರಿಸುವುದು ಗಾಳಿಯ ತಾಪವನ್ನಲ್ಲ, ತನ್ನ ತಾಪವನ್ನು.