ಕರುಣೆಗೂ ಕ್ರಮ ಬೇಕು: ಬೌದ್ಧಿಕ ವಿಕಲಚೇತನ ವಯಸ್ಕರ ವಸತಿಧಾಮಗಳಲ್ಲಿ ಸಿಬ್ಬಂದಿ ಮತ್ತು ತರಬೇತಿ

"ನಮ್ಮ ಕಾಲಾನಂತರ ಇವನಿಗೆ ಯಾರು?" ಬೌದ್ಧಿಕ ವಿಕಲತೆಯುಳ್ಳ ಮಗನನ್ನೋ ಮಗಳನ್ನೋ ದಶಕಗಳ ಕಾಲ ಸಾಕಿದ ತಂದೆತಾಯಿಗಳು ಸಭಾಪಾಲಕರ ಮುಂದಿಡುವ ಪ್ರಶ್ನೆ ಇದು. ಮೈಸೂರಿನಂಥ ನಗರದಲ್ಲಿ ಮಕ್ಕಳಿಗೆ ವಿಶೇಷ ಶಾಲೆಗಳುಂಟು. ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಭಾರವೆಲ್ಲ ಮನೆಯವರ ಹೆಗಲಿಗೇ ಮರಳುತ್ತದೆ. ಆಗ ಅನೇಕರ ಕಣ್ಣು ಸಭೆ ನಡೆಸುವ ವಸತಿಧಾಮಗಳತ್ತ ಹೊರಳುತ್ತದೆ. ಅಂಥ ಧಾಮವನ್ನು ಸೂಚಿಸುವಾಗ ಅಥವಾ ಅದರ ಆಡಳಿತ ಮಂಡಳಿಯಲ್ಲಿ ಕುಳಿತಾಗ ನಾವು ಪರಿಶೀಲಿಸಬೇಕಾದುದೇನು? ಸೇವಾಮನೋಭಾವವೊಂದಿದ್ದರೆ ಸಾಕೆಂಬ ಉತ್ತರ ನಮ್ಮಲ್ಲಿ ಬೇರೂರಿದೆ. ಆದರೆ ಸಾಕಷ್ಟು ಜನ, ತಕ್ಕ ತರಬೇತಿ, ಎಚ್ಚರದ ಮೇಲ್ವಿಚಾರಣೆ ಇವು ಪ್ರೀತಿಯ ಮೇಲೆ ಹೊರಗಿನಿಂದ ಹೇರಿದ ಷರತ್ತುಗಳಲ್ಲ. ಪ್ರೀತಿಯು ದಿನನಿತ್ಯದಲ್ಲಿ ತಾಳುವ ರೂಪವೇ ಅವು.

ಕಾನೂನು ಕೇಳುವುದೇನು?

ಬೌದ್ಧಿಕ ವಿಕಲತೆ ಮಾನಸಿಕ ಕಾಯಿಲೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವೇ ಈ ಎರಡನ್ನು ಬೇರ್ಪಡಿಸಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಕಾನೂನುಗಳು ಮುಖ್ಯವಾಗಿ ಮೂರು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮದಂತೆ ವಿಶೇಷ ಶಿಕ್ಷಕರು, ವಾಕ್‌ ಚಿಕಿತ್ಸಕರು ಮೊದಲಾದ ಪುನರ್ವಸತಿ ವೃತ್ತಿಪರರು ಮಾನ್ಯ ಅರ್ಹತೆ ಪಡೆದು ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಜಿಲ್ಲಾಧಿಕಾರಿಯನ್ನು ಒಳಗೊಂಡ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ವರ್ಷಕ್ಕೊಮ್ಮೆ ಲೆಕ್ಕವನ್ನೂ ಒಪ್ಪಿಸಬೇಕು. ಅಲಕ್ಷಿಸಿದರೆ ಅಥವಾ ಹಿಂಸಿಸಿದರೆ ಅವರನ್ನು ತೆಗೆದುಹಾಕಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 50ನೆಯ ಪ್ರಕರಣದಂತೆ ನೋಂದಣಿ ಪ್ರಮಾಣಪತ್ರವಿಲ್ಲದೆ ಇಂಥ ಸಂಸ್ಥೆಯನ್ನು ನಡೆಸುವಂತಿಲ್ಲ. ರಾಜ್ಯ ಸರ್ಕಾರ ಗೊತ್ತುಪಡಿಸಿದ ಸೌಲಭ್ಯ ಮತ್ತು ಮಟ್ಟಗಳನ್ನು ಒದಗಿಸಬಲ್ಲ ಸಂಸ್ಥೆಗೆ ಮಾತ್ರ ಪ್ರಮಾಣಪತ್ರ ದೊರೆಯುತ್ತದೆ. ಧರ್ಮಾರ್ಥ ಸಂಸ್ಥೆಯೆಂಬ ಕಾರಣಕ್ಕೆ ವಿನಾಯಿತಿಯಿಲ್ಲ.

ಎಷ್ಟು ಜನ?

ಅಧಿನಿಯಮವು ಇಷ್ಟು ನಿವಾಸಿಗಳಿಗೆ ಇಷ್ಟು ಆರೈಕೆದಾರರು ಎಂಬ ಸಂಖ್ಯೆಯನ್ನು ಹೇಳುವುದಿಲ್ಲ. ಅದನ್ನು ನಿವಾಸಿಗಳ ಅಗತ್ಯದಿಂದಲೇ ಅಳೆಯಬೇಕು: ಸ್ನಾನ, ಊಟ, ಶೌಚಕ್ಕೆ ಯಾರಿಗೆ ನೆರವು ಬೇಕು? ಮೂರ್ಛೆರೋಗ ಯಾರಿಗಿದೆ? ರಾತ್ರಿ ಏಳುವವರು ಯಾರು?

ಹಾಜರಿ ಪುಸ್ತಕದ ಹೆಸರುಗಳನ್ನು ಎಣಿಸಿ ತೃಪ್ತರಾಗುವುದು ನಮ್ಮ ಸಾಮಾನ್ಯ ಅಭ್ಯಾಸ. ಆದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಹಗಲೂ ರಾತ್ರಿಯೂ ಒಬ್ಬರೇ ಒಬ್ಬರು ಎಚ್ಚರವಾಗಿರಲು ಮೂರೂವರೆ ಜನ ಬೇಕು. ಇಬ್ಬರು ಇರಬೇಕಾದರೆ ಏಳು ಜನ. ರಜೆ, ಕಾಯಿಲೆಗಳನ್ನು ಕೂಡಿಸಿದರೆ ಇನ್ನೂ ಹೆಚ್ಚು. ನಾಲ್ಕು ಜನರಿಂದ ಧಾಮ ನಡೆಯುತ್ತಿದೆಯೆಂದರೆ, ರಾತ್ರಿ ಕಾವಲಿಲ್ಲ ಅಥವಾ ಯಾರೋ ಮಿತಿಮೀರಿ ದುಡಿಯುತ್ತಿದ್ದಾರೆ. ಹಾಗೆ ದುಡಿಯುವವರು ಬಹುಮಟ್ಟಿಗೆ ಧಾರ್ಮಿಕ ಸಹೋದರಿಯರು ಅಥವಾ ಬಡ ಹೆಣ್ಣುಮಕ್ಕಳು. ವಿಮೋಚನಕಾಂಡ 18ರಲ್ಲಿ ಇತ್ರೋ ತನ್ನ ಅಳಿಯ ಮೋಶೆಗೆ ಕೊಟ್ಟ ಎಚ್ಚರಿಕೆ ಇದೇ: ಒಬ್ಬನೇ ಹೊತ್ತರೆ ಹೊರುವವನೂ ಬಳಲುವನು, ಜನರೂ ಬಳಲುವರು. ಅವನು ಸೂಚಿಸಿದ ಪರಿಹಾರ ಇನ್ನಷ್ಟು ಭಕ್ತಿಯಲ್ಲ. ಯೋಗ್ಯರ ಆಯ್ಕೆ ಮತ್ತು ಸಾವಿರ, ನೂರು, ಐವತ್ತು, ಹತ್ತರ ವಿಂಗಡಣೆ.

ಏನು ಕಲಿತಿರಬೇಕು?

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬಾರದು, ಬಾಯಿಗೆ ಏನನ್ನೂ ತುರುಕಬಾರದು. ಪಕ್ಕಕ್ಕೆ ಹೊರಳಿಸಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ತಿಳಿಯದ ಪ್ರೀತಿ ಪ್ರಾಣಕ್ಕೇ ಕುತ್ತಾಗಬಲ್ಲದು. ನುಂಗುವ ತೊಂದರೆಯಿರುವವರಿಗೆ ಉಣಿಸುವ ಬಗೆ, ಔಷಧದ ದಾಖಲೆ, ಮುಟ್ಟಿನ ಆರೈಕೆ, ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಬೇಗನೆ ಕಾಣಿಸಿಕೊಳ್ಳಬಹುದಾದ ಮರೆವಿನ ರೋಗ, ದೌರ್ಜನ್ಯದ ಗುರುತುಗಳು ಇವೆಲ್ಲ ಕಲಿಯಬೇಕಾದ ವಿದ್ಯೆಗಳು. ಎಲ್ಲಕ್ಕಿಂತ ಮುಖ್ಯವಾದುದು ಸಂವಹನ. ಮಾತಿಲ್ಲದವರು ಕಿರುಚಿದಾಗ ಅದು ಹಟವಲ್ಲದೆ ಹಲ್ಲುನೋವಿನ ದೂರಾಗಿರಬಹುದು. ಈ ವಿಷಯದಲ್ಲಿ ಮೈಸೂರು ಭಾಗ್ಯಶಾಲಿ: 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಮಾತು ಮತ್ತು ನುಂಗುವಿಕೆಯ ತೊಂದರೆಗಳನ್ನು ಬಲ್ಲವರು ಇಷ್ಟು ಸಮೀಪದಲ್ಲಿರುವಾಗ, ಅವರ ಸಲಹೆಯನ್ನು ಕೇಳದಿರುವುದಕ್ಕೆ ನಮಗೆ ನೆಪವಿಲ್ಲ.

ದಾವೀದನ ಮೇಜು, ಚೀಬನ ಕೈ

ಮೆಫೀಬೋಶೆತನಿಗೆ ದಾವೀದನು ತೋರಿದ ದಯೆಯನ್ನು (2 ಸಮುವೇಲ 9) ನಾವು ಆಗಾಗ ಬೋಧಿಸುತ್ತೇವೆ. ಕಥೆಯ ಮುಂದಿನ ಭಾಗವನ್ನು ಅಪರೂಪಕ್ಕೆ. ಎರಡೂ ಕಾಲು ಕುಂಟಾದ ಆತನಿಗೆ ರಾಜನ ಮೇಜಿನಲ್ಲಿ ಊಟ ಸಿಕ್ಕಿತು. ಹೊಲಗದ್ದೆಗಳು ಮಾತ್ರ ಹದಿನೈದು ಮಕ್ಕಳೂ ಇಪ್ಪತ್ತು ಆಳುಗಳೂ ಇದ್ದ ಚೀಬನ ಕೈಸೇರಿದವು. ಅಬ್ಷಾಲೋಮನ ದಂಗೆಯ ವೇಳೆ ಚೀಬನು ಯಜಮಾನನ ಮೇಲೆ ದೂರು ಹೇಳಿದಾಗ, ದಾವೀದನು ಮೆಫೀಬೋಶೆತನ ಮಾತನ್ನು ಕೇಳದೆಯೇ ಆಸ್ತಿಯನ್ನೆಲ್ಲ ಚೀಬನಿಗೆ ಕೊಟ್ಟನು (ಅಧ್ಯಾಯ 16). ಅನಂತರ ಮೆಫೀಬೋಶೆತನು ತನ್ನ ಕಡೆಯನ್ನು ಹೇಳಿಕೊಂಡರೂ ಅರ್ಧವಷ್ಟೇ ಮರಳಿತು (ಅಧ್ಯಾಯ 19). ಇಬ್ಬರಲ್ಲಿ ಸತ್ಯ ಹೇಳಿದವರು ಯಾರೆಂಬುದರ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಆದರೂ ಒಂದು ಸಂಗತಿ ಸ್ಪಷ್ಟ: ದಯೆ ನಿಜವಾಗಿತ್ತು, ಮೇಲ್ವಿಚಾರಣೆ ಇರಲಿಲ್ಲ; ನೋಡಿಕೊಳ್ಳುವವನ ಮಾತೇ ನೋಡಿಕೊಳ್ಳಲ್ಪಡುವವನ ಮಾತಾಯಿತು.

ನಮ್ಮ ಕಾಲದ ಪಾಠ ಇನ್ನೂ ಕಹಿ. ಝಾನ್ ವಾನ್ಯೇ 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಲಾರ್ಶ್ ಸಮುದಾಯ, ಬೌದ್ಧಿಕ ವಿಕಲತೆಯುಳ್ಳವರೊಡನೆ ಬಾಳುವುದನ್ನು ಜಗತ್ತಿಗೆ ಕಲಿಸಿತು. ಅದರ ಭಾರತದ ಮೊದಲ ಮನೆ ಆಶಾನಿಕೇತನ 1970ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಸ್ಥಾಪಕರು ತೀರಿಕೊಂಡ ಮರುವರ್ಷ, 2020ರಲ್ಲಿ, ಅವರು ಆತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಆರು ಸ್ತ್ರೀಯರನ್ನು ಶೋಷಿಸಿದ್ದರೆಂದು ಲಾರ್ಶ್ ತಾನೇ ಮಾಡಿಸಿದ ತನಿಖೆ ಪ್ರಕಟಿಸಿತು. ಆ ಸ್ತ್ರೀಯರು ವಿಕಲಚೇತನರಾಗಿರಲಿಲ್ಲ. ಮಾತನಾಡಬಲ್ಲವರ ದನಿಯೇ ದಶಕಗಳ ಕಾಲ ಅಡಗಿದ್ದರೆ, ಮಾತಿಲ್ಲದವರ ಗತಿಯೇನು? ಪವಿತ್ರರೆಂಬ ಹೆಸರು ಪರಿಶೀಲನೆಗೆ ಬದಲಿಯಲ್ಲ.

ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ದೂರು ಬಂದಾಗ ಆದಿಸಭೆಯು ಅದನ್ನು ಅಪನಂಬಿಕೆಯೆಂದು ತಳ್ಳಿಹಾಕಲಿಲ್ಲ. ಅರ್ಹತೆಯನ್ನು ಗೊತ್ತುಮಾಡಿ, ಏಳು ಮಂದಿಯನ್ನು ಆರಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿತು. ಸಿಬ್ಬಂದಿಯ ನೇಮಕವೂ ಆರಾಧನೆಯ ಭಾಗವಾಯಿತು. ಧಾಮದ ಮುಂದಿನ ಸಭೆಯಲ್ಲಿ ಸಭಾಪಾಲಕರು ನಾಲ್ಕು ಕಾಗದಗಳನ್ನು ಕೇಳಲಿ: ನೋಂದಣಿ ಪ್ರಮಾಣಪತ್ರ, ರಾತ್ರಿಯೂ ಸೇರಿದ ಪಾಳಿಯ ಪಟ್ಟಿ, ಪ್ರತಿಯೊಬ್ಬರ ತರಬೇತಿಯ ದಾಖಲೆ, ನಿವಾಸಿಗಳ ಹಣದ ಲೆಕ್ಕ. ಆಮೇಲೆ ಪದಾಧಿಕಾರಿಗಳನ್ನು ಬಿಟ್ಟು, ನಿವಾಸಿಗಳ ಪಕ್ಕದಲ್ಲಿ ಕುಳಿತು ಊಟ ಮಾಡಲಿ.